ಇಂಗ್ಲಿಷ್ ಎಂ.ಎ. ಮತ್ತು ಕನ್ನಡದ ಋಣ

(ಕಮಲಾಪುರದಲ್ಲಿ ನೆರೆದ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಕೊಟ್ಟಾಗ ವಿಷಯವನ್ನು ಹುಡುಕುತ್ತ ಕೂಡ್ರುವ ಪ್ರಸಂಗ ನನಗೆ ಬರಲಿಲ್ಲ. ಈ ಊರಿನ ಯಾವ ಓಣಿಯಲ್ಲಿ ಹಾದುಹೋದರೂ ಒಬ್ಬ ತಂದೆಯಾದರೂ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ. "ಹುಡುಗನ ಬಿ.ಎ. ಮುಗಿಯಿತು, ಕಲಬುರಗಿಗೆ ಹೋಗಿ ಇಂಗ್ಲಿಷಿನಲ್ಲಿ ಎಂ.ಎ. ಮಾಡುವೆನೆನ್ನುತ್ತಾನೆ. ಕಳಿಸುವದೋ ಬಿಡುವದೋ?" ಹುಡುಗಿಯರ ತಂದೆಗಳೂ ಈಗ ಇದನ್ನೇ ಕೇಳುತ್ತಾರೆಂಬದು ಸಂತೋಷದ ಸಂಗತಿ. ಈ ಪ್ರಶ್ನೆಗೆ ಓಣಿಯ ಕಟ್ಟೆಯ ಮೇಲೆ ನಿಂತು ಉತ್ತರ ಕೊಡುವದು ಸಾಧ್ಯವಿಲ್ಲ. ಆದಕಾರಣ ಇಂದು ಇಲ್ಲಿಯೇ ಕೊಡಬೇಕೆಂದು ಬಂದಿರುವೆನು.

ಇದಕ್ಕೆ ನಮ್ಮಲ್ಲಿ ಎರಡು ಸಿದ್ಧವಾದ ಉತ್ತರಗಳುಂಟು. ಸಂಸಾರಸ್ಥರ ಉತ್ತರ ಒಂದು: ಇಂಗ್ಲಿಷ್ ಬಂದರೆ ಹೊಟ್ಟೆಗೆ ಬಂದಂತೆ, ಕಳಿಸಿರಿ. ನಾಡಭಕ್ತರ ಉತ್ತರ ಇನ್ನೊಂದು: ಪರಕೀಯರ ವಾಙ್ಮಯವನ್ನು ಓದಿ ಓದಿ ಹುಡುಗನು ತನ್ನ ತಾಯಿಯ ಮಾತನ್ನೇ ಕೀಳೆಂದು ತಿಳಿಯುವನು, ಕಳಿಸಬೇಡಿರಿ. ಈ ಎರಡೂ ಉತ್ತರಗಳನ್ನು ಕೊಡುವವರು ಪ್ರಾಮಾಣಿಕರೇ ಸರಿ. ಆದರೆ ಹುಡುಗನು ಅಲ್ಲಿ ಹೋಗಿ ಎರಡು ವರ್ಷ ಏನು ಮಾಡುವನು, ಹೇಗೆ ಓದುವನು, ಓದಿದ್ದನ್ನು ಹಿಂದಿರುಗಿ ಯಾರ ಮುಂದೆ ಇಡುವನು ಎಂಬದನ್ನು ಇಬ್ಬರೂ ವಿಚಾರಿಸುವದಿಲ್ಲ. ನನ್ನ ಮಾತೆಲ್ಲ ಈ ಒಂದು ಸಂಗತಿಯನ್ನು ಕುರಿತದ್ದು. ಇಂಗ್ಲಿಷ್ ಸಾಹಿತ್ಯದ ಉಚ್ಚ ಅಭ್ಯಾಸವು ಕನ್ನಡಿಗನಿಗೆ ತಕ್ಕದ್ದೇ ಆಗಿದೆ. ಆದರೆ ಅದು ಒಂದು ಸಾಲ. ಸಾಲವನ್ನು ತಂದವನು ಅದನ್ನು ಕನ್ನಡದಲ್ಲಿ ತೀರಿಸಬೇಕು. ತೀರಿಸದೆ ಹೋದರೆ ಅವನೂ ಬಡವನಾಗುವನು, ನಾಡೂ ಬಡವಾಗುವದು.

ಮೊದಲು ನಮ್ಮ ಹಿರಿಯರ ಕಾಲವನ್ನು ಸ್ವಲ್ಪ ನೆನೆಯೋಣ. 1948ರ ಸಪ್ಟೆಂಬರಿನ ವರೆಗೆ ಕಲಬುರಗಿ, ರಾಯಚೂರು, ಬೀದರ ಈ ಮೂರೂ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಉಚ್ಚ ಶಿಕ್ಷಣದ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಮೇಲಿನ ಓದಿಗೆ ಹೈದರಾಬಾದಿನ ದಾರಿ ಹಿಡಿಯಬೇಕಾಗಿತ್ತು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಎಲ್ಲ ಶಾಸ್ತ್ರಗಳನ್ನೂ ಉರ್ದುವಿನಲ್ಲಿ ಬೋಧಿಸುತ್ತಿತ್ತು. ನಮ್ಮ ತಾಯ್ನುಡಿಗೆ ಅಲ್ಲಿ ದೊರೆತದ್ದು ಮೂಲೆಯ ಜಾಗ. ಆ ನೋವನ್ನು ನಾವು ಮರೆಯಲಾರೆವು. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಉಂಟು. ಆ ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಮೊದಲೇ, 1917ರಲ್ಲಿ, ಒಂದು ಭಾಷಾಂತರ ಶಾಖೆಯನ್ನು ಏರ್ಪಡಿಸಿದರು. ಇಂಗ್ಲಿಷಿನ ಗ್ರಂಥಗಳನ್ನು ಉರ್ದುವಿಗೆ ತರುವದಕ್ಕಾಗಿಯೇ ಪಂಡಿತರನ್ನು ನೇಮಿಸಿದರು. ಇಂಗ್ಲಿಷ್ ಭಾಷೆಯನ್ನು ಪ್ರತಿ ವಿದ್ಯಾರ್ಥಿಯೂ ಕಲಿಯಲೇಬೇಕಾಗಿತ್ತು. ಆದರೆ ಕಲಿತ ಜ್ಞಾನವು ಉರ್ದುವಿನ ಮನೆಗೆ ಬಂದು ಸೇರಬೇಕೆಂಬ ಹಟವೂ ಅವರಿಗಿತ್ತು. ನಮ್ಮನ್ನು ಮೂಲೆಗೆ ತಳ್ಳಿದವರೇ ತಮ್ಮ ನುಡಿಗಾಗಿ ಮಾಡಿಕೊಂಡ ಈ ಏರ್ಪಾಡನ್ನು ಸ್ವತಂತ್ರರಾದ ಮೇಲೆ ನಾವು ನಮ್ಮ ನುಡಿಗಾಗಿ ಮಾಡಿಕೊಂಡೆವೇ? ಈ ಪ್ರಶ್ನೆಯನ್ನು ತಮ್ಮ ಮುಂದಿಟ್ಟು ಮುಂದೆ ಸಾಗುವೆನು.

1956ರ ನವೆಂಬರ 1ನೆಯ ದಿನ ಹರಿದು ಹಂಚಿಹೋದ ಕನ್ನಡ ನಾಡು ಒಂದಾಯಿತು. ಅದರ ಫಲವಾಗಿ ವಿದ್ಯೆಯೂ ನಮ್ಮ ಮನೆಯ ಹತ್ತಿರ ಬಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಗೆ ಬಂದಿತು. ಎರಡು ಕಡೆಗೂ ಇಂಗ್ಲಿಷ್ ವಿಭಾಗಗಳಿವೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ನೆಯ ಜೆ ವಿಧಿಯು ನಮ್ಮ ಭಾಗದ ಮಕ್ಕಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನವನ್ನು ಒದಗಿಸಿತು. 2017ರಲ್ಲಿ ಬೀದರ-ಕಲಬುರಗಿಗಳ ನಡುವಿನ 110 ಕಿಲೋಮೀಟರಿನ ರೈಲು ಮಾರ್ಗವು ತೆರೆದು ಅದು ನಮ್ಮ ಕಮಲಾಪುರವನ್ನು ಹಾದುಹೋಯಿತು. 2018ರಿಂದ ಕಮಲಾಪುರವು ತಾಲ್ಲೂಕಿನ ಊರಾಯಿತು. ಹೈದರಾಬಾದಿಗೆ ಹೋಗಿ ಪರಕೀಯರಂತೆ ಕುಳಿತು ಓದಬೇಕಾಗಿದ್ದ ವಿದ್ಯೆಯನ್ನು ನಮ್ಮ ಮಗಳು ಇಂದು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಾಯಂಕಾಲ ಮನೆಗೆ ಮರಳಿ ಬಂದು ಓದಬಹುದಾಗಿದೆ. ನಾಡು ಒಂದಾದದ್ದರಿಂದ ಆದ ಲಾಭವೇನೆಂದು ಕೇಳುವವರಿಗೆ ಇದನ್ನು ತೋರಿಸಿರಿ.

ಸೌಕರ್ಯವೇನೋ ಬಂದಿತು. ಅದರ ಉಪಯೋಗವನ್ನು ನಾವು ಹೇಗೆ ಮಾಡಿಕೊಂಡೆವು? ಇನ್ನೊಬ್ಬರ ಕಡೆಗೆ ಬೆರಳು ಮಾಡದೆ ನನ್ನ ಕಥೆಯನ್ನೇ ಹೇಳುವೆನು.

ನಾನು ಇದೇ ಊರಿನ ಕನ್ನಡ ಶಾಲೆಯಲ್ಲಿ ಓದಿ, ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವನು. ಎರಡು ವರ್ಷಗಳ ಆ ಅಭ್ಯಾಸದಲ್ಲಿ ಚಾಸರನಿಂದ ಹಿಡಿದು ಎಲಿಯಟ್ಟನ ವರೆಗೆ, ನಾಟಕ, ಕಾದಂಬರಿ, ವಿಮರ್ಶಾಶಾಸ್ತ್ರ ಎಲ್ಲವೂ ನನ್ನ ಪಾಲಿಗೆ ಬಂದವು. ಮೂಲಗ್ರಂಥಗಳನ್ನು ನಾನು ಓದಲಿಲ್ಲ. ಬಾಜಾರದಲ್ಲಿ ದೊರೆಯುವ ಗೈಡುಗಳನ್ನು ಓದಿದೆನು. ಒಂದೊಂದು ನಾಟಕಕ್ಕೆ ಹತ್ತು ಪ್ರಶ್ನೆ, ಹತ್ತು ಉತ್ತರ. ಅವುಗಳನ್ನು ಹಗಲಿರುಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಗುಣಗಳನ್ನು ಪಡೆದೆನು. ತರಗತಿಯಲ್ಲಿ ಅಧ್ಯಾಪಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಹಿಂದಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದೆನು. ಊರಿಗೆ ಬಂದಾಗ ಮಾತ್ರ ಗೆಳೆಯರ ಮುಂದೆ ಇಂಗ್ಲಿಷ್ ಶಬ್ದಗಳನ್ನು ಉದುರಿಸುತ್ತಿದ್ದೆನು. ಮನೆಯಲ್ಲಿ ನಮ್ಮವ್ವ ಏನಾದರೂ ಕೇಳಿದರೆ "ನಿನಗಿದು ತಿಳಿಯೂದಿಲ್ಲ" ಎಂಬದೊಂದೇ ನನ್ನ ಉತ್ತರ. ಆಕೆ ಅಕ್ಷರ ಅರಿಯದವಳು.

ಎರಡನೆಯ ವರ್ಷ, ಪರೀಕ್ಷೆಯ ಹೊತ್ತಿನಲ್ಲಿ, ಮನೆಯ ಪಡಸಾಲೆಯಲ್ಲಿ ಕುಳಿತು ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕದ ಉತ್ತರಗಳನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದೆನು. ಅವ್ವ ಜೋಳ ಹಸನು ಮಾಡುತ್ತಿದ್ದಳು. ಒಂದೇ ಮಾತನ್ನು ಇಪ್ಪತ್ತು ಸಲ ಕೇಳಿ ಬೇಸತ್ತು, ಆ ಪುಸ್ತಕದಲ್ಲಿ ಇರುವದಾದರೂ ಏನೆಂದು ಕೇಳಿದಳು. ಅಂದು ಅದೇಕೋ ನಾನು ಸಿಟ್ಟಾಗದೆ ಕಥೆಯನ್ನು ಕನ್ನಡದಲ್ಲಿ ಹೇಳಿದೆನು. ಮುದುಕನಾದ ರಾಜನೊಬ್ಬ, ಅವನಿಗೆ ಮೂವರು ಹೆಣ್ಣುಮಕ್ಕಳು. ರಾಜ್ಯವನ್ನು ಪಾಲು ಮಾಡುವ ದಿನ, ನನ್ನ ಮೇಲೆ ಯಾರಿಗೆ ಎಷ್ಟು ಪ್ರೀತಿಯಿದೆ ಹೇಳಿರಿ, ಅದರಂತೆ ಕೊಡುವೆನೆಂದು ಕೇಳುತ್ತಾನೆ. ಹಿರಿಯರಿಬ್ಬರು ಆಕಾಶಕ್ಕೇರಿಸಿ ಹೇಳಿ ಪಾಲು ಪಡೆಯುತ್ತಾರೆ. ನಿಜವಾಗಿ ಪ್ರೀತಿಸುವ ಕಿರಿಯಳಿಗೆ ಆ ಬಗೆಯ ಮಾತು ಬಾರದು. ಆಕೆ ಬರಿಗೈಯಲ್ಲಿ ಹೋಗುತ್ತಾಳೆ. ಆಮೇಲೆ ಹಿರಿಯರಿಬ್ಬರೂ ತಂದೆಯನ್ನು ಹೊರಗೆ ಹಾಕುತ್ತಾರೆ. ಗಾಳಿ ಮಳೆಯಲ್ಲಿ ಆತ ಬಯಲಿನಲ್ಲಿ ಅಲೆಯುತ್ತಾನೆ.

ಅವ್ವ ಮೊರವನ್ನು ಕೆಳಗಿಟ್ಟು ಕೇಳಿದಳು: "ಆ ಮುದುಕಗ ಹೇಣ್ತಿ ಇದ್ದಿಲ್ಲೇನು? ಮನ್ಯಾಗ ತಾಯಿ ಇದ್ದಿದ್ರ ಮಕ್ಕಳಿಗಿ ಹಿಂಗ ಕೇಳಗೊಡ್ತಿದ್ದಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಗೈಡಿನ ಹತ್ತು ಪ್ರಶ್ನೆಗಳಲ್ಲಿ ಈ ಪ್ರಶ್ನೆಯಿರಲಿಲ್ಲ. ಆ ರಾತ್ರಿ ಮೊದಲ ಬಾರಿಗೆ ಮೂಲನಾಟಕವನ್ನು ತೆರೆದು, ನಿಘಂಟನ್ನು ಬದಿಗಿಟ್ಟುಕೊಂಡು, ರಾಣಿಯನ್ನು ಹುಡುಕುತ್ತ ಓದಿದೆನು. ರಾಣಿಯು ಆ ನಾಟಕದಲ್ಲಿ ಎಲ್ಲಿಯೂ ರಂಗದ ಮೇಲೆ ಬರುವದಿಲ್ಲ. ಆಕೆಯ ಮಾತು ತೆಗೆದರೂ ತೆಗೆಯದಂತೆ ಎಲ್ಲೋ ಒಂದು ಕಡೆಗೆ ಬಂದು ಹೋಗುತ್ತದೆ. ಹುಡುಕಿದ್ದು ರಾಣಿಯನ್ನು, ದೊರೆತದ್ದು ನಾಟಕ. ಮುಂದೆ ಬಹು ವರ್ಷಗಳ ಮೇಲೆ ಒಂದು ಸಂಗತಿ ತಿಳಿದು ನಾನು ಬೆರಗಾದೆನು. ಕಾಪೇಲಿಯಾ ಕಾನ್ ಎಂಬ ವಿದುಷಿಯು 1986ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನೆತ್ತಿದ್ದಾಳೆ: ಲಿಯರ್ ನಾಟಕದಲ್ಲಿ ತಾಯಿ ಏಕಿಲ್ಲ, ಆ ಇಲ್ಲದಿರುವಿಕೆಯು ಇಡೀ ನಾಟಕವನ್ನು ಹೇಗೆ ನಡೆಸುತ್ತದೆ ಎಂದು. ಕಮಲಾಪುರದ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೇಳಿದ ಪ್ರಶ್ನೆಯು ಪಂಡಿತರ ಪ್ರಶ್ನೆಯೇ ಆಗಿತ್ತು! ಅದನ್ನು ಬರೆದುಕೊಳ್ಳುವ ಯೋಗ್ಯತೆ ಮಾತ್ರ ನನ್ನಲ್ಲಿರಲಿಲ್ಲ. ಏಕೆಂದರೆ ವಿದ್ಯೆಯೆಂಬದು ಕಲಬುರಗಿಯಲ್ಲಿ ಮಾತ್ರ ಇರುವದೆಂದೂ, ಮನೆಯಲ್ಲಿರುವದು ಅಜ್ಞಾನವೆಂದೂ ನಾನು ನಂಬಿದ್ದೆನು.

ಗುರುಬಂಧುಗಳೇ, ಅಂದು ನನಗೆ ಎರಡು ಸಂಗತಿಗಳು ಅರ್ಥವಾದವು. ಒಂದನೆಯದು: ನಾವು ಪರಭಾಷೆಯ ಕೃತಿಯನ್ನು ನಮ್ಮ ಕನ್ನಡದಲ್ಲಿ ನಮ್ಮವರಿಗೆ ಹೇಳಲು ಹೊರಟಾಗಲೇ ಅದು ನಮಗೆ ತಿಳಿದಿದೆಯೋ ಇಲ್ಲವೋ ಎಂಬದು ಹೊರಬೀಳುವದು. ಗೈಡಿನ ಉತ್ತರವನ್ನು ಕನ್ನಡದಲ್ಲಿ ಹೇಳಲು ಬರುವದಿಲ್ಲ. ಏಕೆಂದರೆ ಅದರಲ್ಲಿ ಹೇಳುವದಕ್ಕೆ ಏನೂ ಇರುವದಿಲ್ಲ. ಎರಡನೆಯದು: ಆ ಕಿರಿಯ ಮಗಳ ಸ್ಥಿತಿಯೇ ನಮ್ಮ ಕನ್ನಡ ಶಾಲೆಯ ಮಕ್ಕಳ ಸ್ಥಿತಿ. ಎಂ.ಎ. ತರಗತಿಯ ಹಿಂದಿನ ಬೆಂಚಿನ ಮೇಲೆ ಮೌನವಾಗಿ ಕೂಡ್ರುವವರಿಗೆ ವಿಚಾರವಿಲ್ಲವೆಂದು ತಿಳಿಯುವದು ಲಿಯರ್ ದೊರೆ ಮಾಡಿದ ತಪ್ಪನ್ನೇ ಮಾಡಿದಂತೆ. ಅವರಲ್ಲಿ ವಿಚಾರವಿದೆ, ಆಸ್ಥಾನದ ಭಾಷೆಯಿಲ್ಲ. ಭಾಷೆಯನ್ನು ಕಲಿಯಬಹುದು, ಕಲಿಯಲೇಬೇಕು. ಆದರೆ ಕಲಿಯುವ ವರೆಗೆ ಅವರ ಬಾಯಿಯನ್ನು ಮುಚ್ಚಿಡಬಾರದು.

ಇದು ನನ್ನೊಬ್ಬನ ಹೊಸ ಮಾತೇನಲ್ಲ. ನಮ್ಮ ಜಿಲ್ಲೆಯ ನೆಲವೇ ಇದನ್ನು ಸಾವಿರ ವರ್ಷಗಳ ಹಿಂದೆ ಹೇಳಿದೆ. ಕಲಬುರಗಿಯಿಂದ ಸೇಡಮಿನ ದಾರಿಯಲ್ಲಿ ಕಾಗಿಣೆಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದ ನಡುವಿನಲ್ಲಿ, ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ರಚಿಸಿದನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಆ ಗ್ರಂಥವು ಹುಟ್ಟಿದ್ದು ಹೇಗೆ? ಶ್ರೀವಿಜಯನು ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಆಳವಾಗಿ ಅಭ್ಯಾಸ ಮಾಡಿದನು. ಇಂದಿನ ಮಾತಿನಲ್ಲಿ ಹೇಳುವದಾದರೆ ಅವನು ಪರಭಾಷೆಯ ಸಾಹಿತ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ! ಆದರೆ ಓದಿದ್ದನ್ನು ಉರುಹೊಡೆದು ಕೂಡ್ರಲಿಲ್ಲ. ದಂಡಿಯಿಂದ ಬೇಕಾದಷ್ಟನ್ನು ತೆಗೆದುಕೊಂಡನು. ಕನ್ನಡದ ಉದಾಹರಣೆಗಳನ್ನು ಕೊಟ್ಟನು. ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ಎಲ್ಲಿ ಬೆರೆಸಬಹುದು, ಎಲ್ಲಿ ಬೆರೆಸಬಾರದೆಂದು ವಿವೇಚಿಸಿದನು. ತನಗಿಂತ ಹಿಂದಿನ ಕನ್ನಡ ಕವಿಗಳನ್ನು ಹೆಸರಿಸಿದನು. ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿದ ನಾಡಿನ ಎಲ್ಲೆಯನ್ನು ಹಾಕಿದನು. ಈ ನಾಡಿನ ಜನರು ಓದಿನ ನೆರವಿಲ್ಲದೆಯೂ ಕಾವ್ಯದಲ್ಲಿ ಪರಿಣತರೆಂದೂ ಸಾರಿದನು. ನಾನು ಇದನ್ನು ಪಠ್ಯದಲ್ಲಿ ಓದಿದ್ದೆನು. ಆದರೆ ಅವ್ವನ ಪ್ರಶ್ನೆಯನ್ನು ಕೇಳುವ ವರೆಗೆ ನಂಬಿರಲಿಲ್ಲ. ಏಕೀಕರಣದ ಹೋರಾಟಕ್ಕೆ ನಾಡಿನ ಎಲ್ಲೆಯ ಸಾಕ್ಷಿಯನ್ನು ಒದಗಿಸಿದ ಗ್ರಂಥವೇ ಪರಭಾಷೆಯ ಅಭ್ಯಾಸದಿಂದ ಹುಟ್ಟಿತೆಂಬದನ್ನು, ಇಂಗ್ಲಿಷಿಗೆ ಹುಡುಗರನ್ನು ಕಳಿಸಬೇಡಿರೆನ್ನುವ ನನ್ನ ನಾಡಭಕ್ತ ಮಿತ್ರರು ಲಕ್ಷ್ಯದಲ್ಲಿಡಬೇಕು.

ಇನ್ನು ಇಂಗ್ಲಿಷಿನ ಮಾತಿಗೆ ಬರುವೆನು. 1928ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆಯಿತು. ಆಗ ಇಲ್ಲಿ ನಿಜಾಮರ ರಾಜ್ಯ; ನಾಡು ಒಂದಾಗುವದಕ್ಕೆ ಇನ್ನೂ ಇಪ್ಪತ್ತೆಂಟು ವರ್ಷಗಳಿದ್ದವು. ಅಂದು ಅಧ್ಯಕ್ಷಪೀಠವನ್ನೇರಿದವರು ಯಾರು? ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು! ಶೇಕ್ಸ್‌ಪಿಯರನನ್ನೂ ಗ್ರೀಕ್ ನಾಟಕಕಾರರನ್ನೂ ಅರಗಿಸಿಕೊಂಡ ಆ ವಿದ್ವಾಂಸರು ಅದಕ್ಕೂ ಮೊದಲೇ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದ್ದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಗ್ರಹವನ್ನು ಹೊರತಂದರು. ಅದರಲ್ಲಿ ಇಂಗ್ಲಿಷಿನ ಭಾವಗೀತಗಳು ಕನ್ನಡದ ಉಡಿಗೆ ತೊಟ್ಟು ಬಂದವು. ಆದಿಪ್ರಾಸದ ಕಟ್ಟನ್ನು ಸಡಿಲಿಸಿ, ಹೊಸ ಲಯಗಳನ್ನು ಹುಡುಕಿ, ಮುಂದಿನ ಕವಿಗಳಿಗೆಲ್ಲ ಅವರು ದಾರಿ ಮಾಡಿಕೊಟ್ಟರು. ಗ್ರೀಕರ ರುದ್ರನಾಟಕದ ಅಭ್ಯಾಸದಿಂದ 'ಅಶ್ವತ್ಥಾಮನ್' ಹುಟ್ಟಿತು. ಇಂಗ್ಲಿಷಿನಲ್ಲಿ ಪಡೆದ ಸಾಲವನ್ನು ಬಡ್ಡಿಸಮೇತ ಕನ್ನಡಕ್ಕೆ ಸಲ್ಲಿಸಿದವರೆಂದರೆ ಅವರು.

ಅವರ ದಾರಿಯಲ್ಲಿ ನಡೆದವರನ್ನು ಎಣಿಸಿ ನೋಡಿರಿ. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷನ್ನು ಓದಿ ಬಂದು ಕನ್ನಡದಲ್ಲಿ ಮಹಾಕಾವ್ಯವನ್ನು ಬರೆದರು. ಯು.ಆರ್. ಅನಂತಮೂರ್ತಿಯವರು ಮೈಸೂರಿನಲ್ಲಿ ಇಂಗ್ಲಿಷನ್ನು ಕಲಿಸುತ್ತ ಕನ್ನಡ ಕಾದಂಬರಿಗೆ ಹೊಸ ದಿಕ್ಕನ್ನು ತೋರಿಸಿದರು. ಕೀರ್ತಿನಾಥ ಕುರ್ತಕೋಟಿಯವರು ದೂರದ ಗುಜರಾತಿನ ಆನಂದದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು ಕನ್ನಡ ವಿಮರ್ಶೆಯನ್ನು ಬೆಳೆಸಿದರು. ಶಾಂತಿನಾಥ ದೇಸಾಯಿಯವರೂ ಜಿ.ಎಸ್. ಆಮೂರರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಇನ್ನೊಂದು ದಿಕ್ಕಿನಲ್ಲಿ, ಕನ್ನಡವನ್ನು ಜಗತ್ತಿಗೆ ಒಯ್ದವರನ್ನೂ ನೆನೆಯಬೇಕು. ಶಿ.ಶಿ. ಬಸವನಾಳರೂ ಇಂಗ್ಲಿಷ್ ಅಧ್ಯಾಪಕರಾದ ಕೆ.ಆರ್. ಶ್ರೀನಿವಾಸ ಅಯ್ಯಂಗಾರರೂ ಕೂಡಿ 1940ರಲ್ಲಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಶಿಕಾಗೋಕ್ಕೆ ಹೋದ ಎ.ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ವಚನಗಳ ಅನುವಾದವು ಪ್ರಪಂಚದ ಓದುಗರ ಕೈಸೇರಿತು. ಆ ವಚನಗಳು ಹುಟ್ಟಿದ ಕಲ್ಯಾಣ ನಮಗೆ ಎಷ್ಟು ದೂರ? ಈ ಊರಿನ ಮುಂದಿನ ಹೆದ್ದಾರಿಯನ್ನು ಹಿಡಿದು ಹುಮನಾಬಾದಿಗೆ ಹೋಗಿ ಪಶ್ಚಿಮಕ್ಕೆ ಹೊರಳಿದರೆ ಕಲ್ಯಾಣ. ಹಿಂದಕ್ಕೆ ಕಲಬುರಗಿಗೆ ಹೋಗಿ ಸೇಡಮಿನ ಕಡೆಗೆ ಹೊರಳಿದರೆ ಮಾನ್ಯಖೇಟ. ಕನ್ನಡದ ಮೊದಲ ಶಾಸ್ತ್ರಗ್ರಂಥಕ್ಕೂ ಕನ್ನಡದ ಅತ್ಯಂತ ಸ್ವತಂತ್ರವಾದ ಕಾವ್ಯಕ್ಕೂ ನಡುವಿನ ದಾರಿಯ ಮೇಲೆ ನಮ್ಮ ಕಮಲಾಪುರವಿದೆ.

ಆದರೆ ಈಗ ಹೇಳಿದ ಹೆಸರುಗಳಲ್ಲಿ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳವರು ಒಬ್ಬರೂ ಇಲ್ಲವೆಂಬದನ್ನು ತಾವು ಗಮನಿಸಿರಬಹುದು. ನಮ್ಮಲ್ಲಿ ಬುದ್ಧಿಯ ಕೊರತೆಯಿತ್ತೇ? ಇಲ್ಲ. ಅವರ ಕಾಲಕ್ಕೆ ನಮ್ಮಲ್ಲಿ ವಿಶ್ವವಿದ್ಯಾಲಯಗಳಿರಲಿಲ್ಲ. 2011ರ ಜನಗಣತಿಯಲ್ಲಿ ಸಹ ರಾಜ್ಯದ ಅಕ್ಷರಸ್ಥರು ನೂರಕ್ಕೆ 75ರಷ್ಟಿದ್ದರೆ ನಮ್ಮ ಜಿಲ್ಲೆಯಲ್ಲಿ ಸುಮಾರು 65 ಇದ್ದರು. ಹಿಂದೆ ಬೀಳುವದಕ್ಕೆ ಕಾರಣಗಳುಂಟು, ಅವನ್ನು ನಾನು ಬಲ್ಲೆನು. ಆದರೆ 1970ರಿಂದ ಈಚೆಗೆ ಕಲಬುರಗಿಯಲ್ಲಿಯೇ ಉಚ್ಚ ವಿದ್ಯೆ ದೊರೆಯುತ್ತಿರುವಾಗ ಕಾರಣವನ್ನು ಹೇಳುತ್ತಲೇ ಕೂಡ್ರುವದು ನಮಗೆ ಭೂಷಣವಲ್ಲ.

ಇಲ್ಲಿ ಸಂಸಾರಸ್ಥರು ಎದ್ದು ಕೇಳುವರು: "ಇದೆಲ್ಲ ಸರಿ, ನಮ್ಮ ಹುಡುಗನಿಗೆ ನೌಕರಿ ಬೇಕು. ಅನುವಾದದಿಂದ ಹೊಟ್ಟೆ ತುಂಬುವದೇ?" ಈ ಪ್ರಶ್ನೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಹೊಲ ಒತ್ತೆಯಿಟ್ಟು ಓದಿಸುವ ತಂದೆಗೆ ಇದನ್ನು ಕೇಳುವ ಪೂರ್ಣ ಅಧಿಕಾರವಿದೆ. ಎಂ.ಎ. ಆದವನು ಕಾಲೇಜಿನ ಅಧ್ಯಾಪಕನಾಗಬೇಕಾದರೆ ಮುಂದೆ ರಾಷ್ಟ್ರೀಯ ಇಲ್ಲವೆ ರಾಜ್ಯದ ಅರ್ಹತಾ ಪರೀಕ್ಷೆಯ ಗೋಡೆಯನ್ನೂ ಏರಬೇಕಾಗುವದು. ಅಲ್ಲಿಯ ಪ್ರಶ್ನೆಗಳಿಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವದಿರುತ್ತದೆ. ಅದರಿಂದಲೇ ಗೈಡುಗಳ ವ್ಯಾಪಾರವು ಬೆಳೆಯಿತು. ಆದರೆ ತಂದೆಗಳೇ, ಸ್ವಲ್ಪ ಯೋಚಿಸಿರಿ. ಗೈಡನ್ನು ಓದಿದವನು ಆ ಹತ್ತು ಪ್ರಶ್ನೆಗಳಿಗೆ ಮಾತ್ರ ಸಿದ್ಧನಾಗಿರುವನು. ಹನ್ನೊಂದನೆಯ ಪ್ರಶ್ನೆಯನ್ನು ಸಂದರ್ಶನದಲ್ಲಿ ಕೇಳಿದರೆ ಬೆವರುವನು. ನೌಕರಿ ಸಿಕ್ಕರೂ ತರಗತಿಯಲ್ಲಿ ಮಕ್ಕಳ ಕಣ್ಣುಗಳನ್ನು ಎದುರಿಸಲಾರನು. ನಾನೇ ಎದುರಿಸಲಾರದೆ ಹೋದ ದಿನಗಳುಂಟು. ಮೂಲವನ್ನು ಓದಿ, ಅದನ್ನು ಎರಡು ಭಾಷೆಗಳಲ್ಲಿ ಹೇಳಬಲ್ಲವನಿಗೆ ಶಾಲೆಯಲ್ಲಿ, ಪತ್ರಿಕೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಪ್ರಕಾಶನದಲ್ಲಿ ಎಲ್ಲಿಯೂ ಕೆಲಸವಿದೆ. ಕನ್ನಡದ ಋಣವನ್ನು ತೀರಿಸುವ ದಾರಿಯೂ ಹೊಟ್ಟೆಯ ದಾರಿಯೂ ಇಲ್ಲಿ ಬೇರೆ ಬೇರೆಯಾಗಿಲ್ಲ.

ಇನ್ನೊಂದು ಆಕ್ಷೇಪಣೆಯನ್ನು ವಿದ್ಯಾರ್ಥಿಗಳು ಎತ್ತುವರು: ನಮ್ಮ ಮನೆಯ ಮಾತಿನಲ್ಲಿ ಶೇಕ್ಸ್‌ಪಿಯರನನ್ನು ಹೇಳಿದರೆ ಹಾಸ್ಯಾಸ್ಪದವಾಗುವದಿಲ್ಲವೇ ಎಂದು. ಅವರಿಗೆ ಒಂದು ಚರಿತ್ರೆಯನ್ನು ಹೇಳುವೆನು. ಕಲಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ 1857ರಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿ ನಮ್ಮ ಹುಡುಗರು ಇಂಗ್ಲಿಷ್ ಕಾವ್ಯವನ್ನು ಪಠ್ಯವಾಗಿ ಓದುತ್ತಿದ್ದ ಕಾಲದಲ್ಲಿ, ಇಂಗ್ಲಂಡದ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸ್ವತಂತ್ರ ಪದವಿಯ ಅಭ್ಯಾಸವೇ ಇರಲಿಲ್ಲ. ಅಲ್ಲಿ ಅದು ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಕೇಂಬ್ರಿಜಿನಲ್ಲಿ ಸ್ವತಂತ್ರ ಪರೀಕ್ಷೆಯಾಗಿ ನಿಂತದ್ದು 1917ರಲ್ಲಿ. ವಿದ್ಯೆಯೆಂದರೆ ಗ್ರೀಕ್ ಮತ್ತು ಲ್ಯಾಟಿನ್. ಮನೆಯಲ್ಲಿ ಆಡುವ ಇಂಗ್ಲಿಷನ್ನು ಓದುವದಕ್ಕೆ ವಿಶ್ವವಿದ್ಯಾಲಯವೇಕೆಂದು ಅಲ್ಲಿಯ ಪಂಡಿತರು ಕೇಳುತ್ತಿದ್ದರು. ತಮ್ಮ ಮನೆಮಾತಿನ ಬಗೆಗೆ ಇಂಗ್ಲಿಷರಿಗೇ ಒಮ್ಮೆ ಇದ್ದ ಸಂಕೋಚವು ಇಂದು ನಮ್ಮನ್ನು ಕಾಡುತ್ತಿದೆ. ಅವರು ಅದನ್ನು ದಾಟಿದರು, ನಾವು ದಾಟಲಾರೆವೇ? ಕಲಬುರಗಿಯ ಮಾತಿನಲ್ಲಿ ದೊಡ್ಡ ಸಾಹಿತ್ಯ ಬರುವದಿಲ್ಲವೆನ್ನುವವರ ಮುಂದೆ ನಮ್ಮ ಜಿಲ್ಲೆಯವರೇ ಆದ ಗೀತಾ ನಾಗಭೂಷಣರ 'ಬದುಕು' ಕಾದಂಬರಿಯನ್ನು ಇಡಿರಿ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2010ರ ಗದಗ ಸಮ್ಮೇಳನದಲ್ಲಿ ಆ ತಾಯಿಯೇ ಅಧ್ಯಕ್ಷಪೀಠದಲ್ಲಿ ಕುಳಿತರು.

ಹಾಗಾದರೆ ಮಾಡತಕ್ಕದ್ದೇನು? ಮೂರು ಮಾತುಗಳಲ್ಲಿ ಹೇಳುವೆನು.

ಒಂದು: ಎಂ.ಎ. ವಿದ್ಯಾರ್ಥಿಯು ಪ್ರತಿ ಅರ್ಧವರ್ಷಕ್ಕೆ ಒಂದು ನಾಟಕವನ್ನೂ ಒಂದು ಕಾದಂಬರಿಯನ್ನೂ ಗೈಡಿನ ಸಹಾಯವಿಲ್ಲದೆ ಮೊದಲಿನಿಂದ ಕೊನೆಯ ವರೆಗೆ ಓದಬೇಕು. ನಾಲ್ಕು ಅರ್ಧವರ್ಷಗಳಲ್ಲಿ ಎಂಟು ಗ್ರಂಥಗಳಾಗುವವು. ಎಂಟನ್ನು ನಿಜವಾಗಿ ಓದಿದವನು ಎಂಬತ್ತರ ಸಾರಾಂಶವನ್ನು ಉರುಹೊಡೆದವನಿಗಿಂತ ಮೇಲು.

ಎರಡು: ಓದಿದ್ದನ್ನು ಮನೆಯವರ ಮುಂದೆ, ನಮ್ಮ ಭಾಗದ ಕನ್ನಡದಲ್ಲಿ, ಹೇಳಬೇಕು. ಕೇಳುವವರು ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಬೇಕು. ಹಾರ್ಡಿಯ ಕಾದಂಬರಿಗಳಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಪಡುವ ಕಷ್ಟವನ್ನು ತೊಗರಿಯ ಹೊಲದಲ್ಲಿ ದುಡಿದವರಿಗಿಂತ ಚೆನ್ನಾಗಿ ಬಲ್ಲವರಾರು?

ಮೂರು: ಪದವಿ ಕೈಗೆ ಬರುವ ಮೊದಲು ಪ್ರತಿಯೊಬ್ಬನೂ ಇಪ್ಪತ್ತು ಪುಟಗಳ ಅನುವಾದವನ್ನು ಮಾಡಬೇಕು. ಇಂಗ್ಲಿಷಿನಿಂದ ಕನ್ನಡಕ್ಕಾಗಲಿ, ನಮ್ಮ ಭಾಗದ ಲೇಖಕರಿಂದ ಇಂಗ್ಲಿಷಿಗಾಗಲಿ. ಚೆನ್ನಾಗಿರದಿದ್ದರೂ ಚಿಂತೆಯಿಲ್ಲ. ಹತ್ತು ವಿದ್ಯಾರ್ಥಿಗಳು ಕೂಡಿದರೆ ಇನ್ನೂರು ಪುಟಗಳ ಒಂದು ಪುಸ್ತಕವಾಗುವದು. ಉಸ್ಮಾನಿಯಾದವರು ಸರಕಾರದ ಹಣದಿಂದ ಮಾಡಿದ ಕೆಲಸವನ್ನು ನಾವು ನಮ್ಮ ಕೈಗಳಿಂದ ಆರಂಭಿಸೋಣ.

ಶಿಕ್ಷಕರಲ್ಲಿ ನನ್ನ ಬಿನ್ನಹ ಒಂದೇ. ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರಿ, ಕನ್ನಡವನ್ನು ಇನ್ನೂ ಚೆನ್ನಾಗಿ ಕಲಿಸಿರಿ. ಆದರೆ ಒಂದು ಬಾರದೆಂದು ಇನ್ನೊಂದರಲ್ಲಿ ಮಗುವನ್ನು ಅವಮಾನಿಸಬೇಡಿರಿ. ಶಾಲೆಯಲ್ಲಿ ತಲೆ ತಗ್ಗಿಸಿದ ಮಗುವು ವಿಶ್ವವಿದ್ಯಾಲಯದಲ್ಲಿ ಹಿಂದಿನ ಬೆಂಚನ್ನೇ ಹುಡುಕುವದು.

ಬಾಂಧವರೇ, ಏಕೀಕರಣವು 1956ರಲ್ಲಿ ಮುಗಿಯಿತೆಂದು ನಾವು ತಿಳಿಯುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರೂ ಕಾಸರಗೋಡಿನ ಕನ್ನಡಿಗರೂ ಇನ್ನೂ ಎಲ್ಲೆಯ ಆಚೆಗೆ ಇದ್ದಾರೆ. ಅದು ಒಂದು ನೋವು. ಅದಕ್ಕಿಂತ ಹತ್ತಿರದ ಎಲ್ಲೆಯೊಂದು ನಮ್ಮ ಮನೆಗಳ ನಡುವೆಯೇ ಇದೆ. ಓದಿದ ಮಗನು ಕೂಡ್ರುವ ಕೋಣೆಗೂ ಓದದ ತಾಯಿ ಕೂಡ್ರುವ ಪಡಸಾಲೆಗೂ ನಡುವೆ ಅದು ಬಿದ್ದಿದೆ. ಆ ಎಲ್ಲೆಯನ್ನು ಅಳಿಸುವದಕ್ಕೆ ಯಾವ ಆಯೋಗವೂ ಬರಬೇಕಾಗಿಲ್ಲ. ಮಗನು ಪುಸ್ತಕವನ್ನು ಹಿಡಿದುಕೊಂಡು ಎದ್ದು ಪಡಸಾಲೆಗೆ ಬಂದರೆ ಸಾಕು.

ನಮ್ಮವ್ವ ಈಗ ಇಲ್ಲ. ಆಕೆಯ ಪ್ರಶ್ನೆಗೆ ನಾನು ಆಕೆಗೆ ಉತ್ತರ ಕೊಡಲಿಲ್ಲ. ಉತ್ತರ ತಿಳಿಯುವ ಹೊತ್ತಿಗೆ ಬಹಳ ತಡವಾಗಿತ್ತು. ತಮ್ಮ ಮಕ್ಕಳಿಗೆ ಹಾಗಾಗದಿರಲಿ. ಕಲಬುರಗಿಗೆ ಅವರನ್ನು ಧೈರ್ಯವಾಗಿ ಕಳಿಸಿರಿ. ಸಾಯಂಕಾಲ ಮರಳಿ ಬಂದಾಗ ಮಾತ್ರ, ಇಂದು ಏನು ಓದಿದಿರಿ, ನಮಗೂ ಹೇಳಿರೆಂದು ಕೇಳಿರಿ. ತಿಳಿಯುವದಿಲ್ಲವೆಂದು ಅವರು ಹೇಳಿದರೆ ಬಿಡಬೇಡಿರಿ, ಇನ್ನೊಮ್ಮೆ ಕೇಳಿರಿ.